ಸಿಂಹಕ್ಕೆ ಬೆಣ್ಣೆ, ಪ್ರಹ್ಲಾದನಿಗೆ ಸುಣ್ಣ

"ಅದು ಮಕ್ಕಳ ಸಿನಿಮಾ ಅಂತ ಯಾವನೋ ಹೇಳಿದ್ದು?" ಅಂತ ಸೀನ ಶುರು ಮಾಡಿದ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕಾಯ್ತಾ ಕೂತಿದ್ದೆವು. ಮಾತು 'ಮಹಾವತಾರ ನರಸಿಂಹ'ದ ಮೇಲೆ. 2025ರ ಜುಲೈನಲ್ಲಿ ಬಂದ ಆನಿಮೇಷನ್ ಚಿತ್ರ, ಅಶ್ವಿನ್ ಕುಮಾರ್ ನಿರ್ದೇಶನ, ನಮ್ಮ ಹೊಂಬಾಳೆಯವರು ಅರ್ಪಿಸಿದ್ದು. ಬೊಂಬೆ ಸಿನಿಮಾ ಅಲ್ವಾ, ಏನಾಗುತ್ತೆ ಅಂತ ಒಂದನೇ ಕ್ಲಾಸಿನ ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದ್ದಾನೆ ಪುಣ್ಯಾತ್ಮ. ಈಗ ಅವಳು ರಾತ್ರಿ ಲೈಟ್ ಆರಿಸೋಕೆ ಬಿಡ್ತಿಲ್ಲವಂತೆ. "ನಮ್ಮನೆ ಹಾಲಿನಲ್ಲಿ ಎರಡು ಕಂಬ ಬೇರೆ ಇದೆ ಕಣೋ!"

ಮೇಷ್ಟ್ರಿಗೆ ರೇಗಿತು. "ಹೊಟ್ಟೆ ಬಗೆಯದೆ ನರಸಿಂಹನ ಕಥೆ ಹೇಗಯ್ಯ ಮುಗಿಸೋದು? ಇಬ್ಬರನ್ನೂ ಕೂರಿಸಿ ರಾಜಿ ಪಂಚಾಯ್ತಿ ಮಾಡಿಸಬೇಕಿತ್ತಾ? ದೇವರಾಯನದುರ್ಗಕ್ಕೆ ಎಲ್ಲರೂ ಮಕ್ಕಳನ್ನ ಎತ್ತಿಕೊಂಡೇ ಹೋಗ್ತಾರೆ. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಯಾವ ಮಗು ಹೆದರಿದೆ?"

"ಅಲ್ಲಿ ಸ್ವಾಮಿ ತನ್ನ ಪಾಡಿಗೆ ಕೂತಿರ್ತಾನೆ ಮೇಷ್ಟ್ರೇ, ಕಿವಿ ಕಿತ್ತುಹೋಗೋ ಸೌಂಡ್ ಇರಲ್ಲ. ಹೆದರಿಸೋದು ಕೋತಿಗಳು ಮಾತ್ರ."

ನನ್ನ ಲೆಕ್ಕದಲ್ಲಿ ಇಬ್ಬರೂ ಅರ್ಧರ್ಧ ಸರಿ. ಕೊನೆಯ ಭಾಗ ಇದೆಯಲ್ಲ, ಕಂಬ ಒಡೆದು ಆತ ಹೊರಗೆ ಬರೋದು, ಆ ಕೇಸರ, ಆ ಉಗುರು, ಸ್ಯಾಮ್ ಸಿ.ಎಸ್. ಹಿಂದಿನಿಂದ ಬಡಿಯೋ ಸಂಗೀತ, ಅಲ್ಲಿ ನಾನೂ ಕಾಫಿ ಲೋಟ ಕೈಯಲ್ಲಿ ಹಿಡ್ಕೊಂಡು ಕುಡಿಯೋದು ಮರೆತು ಕೂತಿದ್ದೆ. ನಮ್ಮ ದೇಶದ ಆನಿಮೇಷನ್ ಅಂದ್ರೆ ಸುಮ್ನೆ ಮಕ್ಕಳ ಟಿವಿ ಸರಕು ಅನ್ನೋ ಮಾತಿಗೆ ಅದೊಂದೇ ಭಾಗ ಸಾಕು ಉತ್ತರ ಹೇಳೋಕೆ.

ಆದರೆ ಪ್ರಹ್ಲಾದ? ಅವನ ಮುಖದಲ್ಲಿ ಏನೂ ಆಗೋದೇ ಇಲ್ಲ. ಅಪ್ಪನೇ ಸಾಯಿಸೋಕೆ ಹೊರಟಿದ್ದಾನೆ, ಅತ್ತೆ ಹೋಳಿಕಾ ತೊಡೆ ಮೇಲೆ ಕೂರಿಸಿಕೊಂಡು ಬೆಂಕಿಗೆ ಇಳೀತಾಳೆ, ಹುಡುಗನದು ಅದೇ ನಗು, ಅದೇ ಕಣ್ಣು. ಭಕ್ತಿ ಇರಲಿ ಸ್ವಾಮಿ, ಬೇಡ ಅಂದವರು ಯಾರು? ಒಂದು ಕ್ಷಣ ಅಪ್ಪನ ಮುಖ ನೋಡಿ ಗಂಟಲು ಕಟ್ಟಿದ್ದರೆ ಮಕ್ಕಳಿಗೆ ಅವನು ತಮ್ಮವನು ಅನ್ನಿಸ್ತಿತ್ತು. ಸಿಂಹದ ಒಂದೊಂದು ಕೂದಲಿಗೂ ಮುತುವರ್ಜಿ ವಹಿಸಿ ಹುಡುಗನ ಹುಬ್ಬನ್ನೇ ಮರೆತುಬಿಟ್ಟಿದ್ದಾರೆ. ಅದಕ್ಕೇ ಸೀನನ ಮಗಳಿಗೆ ನೆನಪಲ್ಲಿ ಉಳಿದದ್ದು ಉಗುರು, ಹುಡುಗ ಅಲ್ಲ.

"1983ರ 'ಭಕ್ತ ಪ್ರಹ್ಲಾದ' ನೆನಪು ಮಾಡ್ಕೋ" ಅಂದರು ಮೇಷ್ಟ್ರು, ಈ ಸಲ ನನ್ನ ಕಡೆಗೆ ವಾಲಿ. "ಎದುರಿಗೆ ರಾಜಣ್ಣ, ಅದೂ ಹಿರಣ್ಯಕಶಿಪು. ಅವರ ಮುಂದೆ ಆ ಪುಟ್ಟ ಅಪ್ಪು ನಿಂತ ರೀತಿ! ಗ್ರಾಫಿಕ್ಸ್ ಏನಿತ್ತು ಅಲ್ಲಿ? ನಾವೆಲ್ಲ ಆ ಹುಡುಗನನ್ನ ನೋಡೋಕೆ ಮತ್ತೆ ಮತ್ತೆ ಹೋದೆವು." ಇದಕ್ಕೆ ಯಾರೂ ಎದುರು ಮಾತಾಡಲಿಲ್ಲ. ತುಮಕೂರಿನಲ್ಲಿ ಕೂತು ರಾಜಣ್ಣನ ವಿಷಯಕ್ಕೆ ವಾದ ಮಾಡೋ ಧೈರ್ಯ ಯಾರಿಗಿದೆ?

ಮಂಜನ ತಕರಾರೇ ಬೇರೆ. ಅವನು ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಪತ್ರ ಬರೆಯೋನು. "ಹಗಲೂ ಅಲ್ಲ ರಾತ್ರಿಯೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ ಅಂತ ಹಿರಣ್ಯಕಶಿಪು ವರವನ್ನ ಉದ್ದಕ್ಕೆ ಬರೆಸಿದ್ದಾನೆ, ಹೊಸ್ತಿಲು ಯಾವ ಕಡೆಗೆ ಸೇರುತ್ತೆ ಅಂತ ಕೇಳಿಲ್ಲ. ನನ್ನ ಹತ್ರ ಬಂದಿದ್ದರೆ ಚೆಕ್ಕುಬಂದಿ ಸರಿಯಾಗಿ ಹಾಕಿಸಿ ಕೊಡ್ತಿದ್ದೆ. ಅವನು ಇವತ್ತಿಗೂ ಬದುಕಿರೋನು." ನಗು ಬಂತು ನಿಜ, ಆದರೆ ಅವನ ಮಾತಲ್ಲಿ ಹುರುಳಿದೆ. ಮಕ್ಕಳಿಗೆ ಈ ಕಥೆಯಲ್ಲಿ ಮಜಾ ಇರೋದೇ ಆ ವರದ ಒಗಟಿನಲ್ಲಿ. ಅದನ್ನ ಬಿಡಿಸೋಕೆ ಒಂದಿಷ್ಟು ಪುರುಸೊತ್ತು ಕೊಟ್ಟಿದ್ದರೆ ಸಾಕಿತ್ತು. ಅದರ ಬದಲು ಮೊದಲಿಗೆ ವರಾಹನ ಕಾಳಗವನ್ನ ಅಷ್ಟು ಎಳೆದಿದ್ದಾರೆ, ಸೀನನ ಮಗಳು "ಸಿಂಹ ಯಾವಾಗ ಬರುತ್ತಪ್ಪಾ" ಅಂತ ಪೀಡಿಸಿ ಅರ್ಧ ಡಬ್ಬ ಪುರಿ ಖಾಲಿ ಮಾಡಿದ್ದಾಳೆ.

ಇನ್ನು ರಾಜಸಭೆಯಲ್ಲಿ ಹಿಂದೆ ನಿಂತ ಜನ. ಬಿಡಿ, ವಿಡಿಯೋ ಗೇಮಿನಿಂದ ಸಾಲ ತಂದ ಹಾಗಿದ್ದಾರೆ.

ಎಂಟು ವರ್ಷ ದಾಟಿದ ಮಕ್ಕಳಾದರೆ ಧಾರಾಳವಾಗಿ ತೋರಿಸಿ ಅಂತ ನಾನಂದೆ. ಚಿಕ್ಕವರಿಗೆ ಕಂಬ ಒಡೆಯೋವರೆಗೆ ಮಾತ್ರ, ಆಮೇಲೆ ಮಲಗಿಸಿ. "ಒಡೆದ ಮೇಲೆ ಮಲಗಿಸೋಕೆ ಆಗುತ್ತೇನೋ?" ಅಂತ ಸೀನ ಗುರ್ ಅಂದ.

ಅಷ್ಟರಲ್ಲಿ ಮಂಜ ಮೊಬೈಲ್ ತೆಗೆದು ಓದಿದ. ಇದು ಒಟ್ಟು ಏಳು ಚಿತ್ರಗಳ ಸರಣಿಯಂತೆ, ಕಲ್ಕಿಯ ಎರಡನೇ ಭಾಗ 2037ಕ್ಕೆ ಅಂತ ಪ್ರಕಟಿಸಿದ್ದಾರೆ. ಅಷ್ಟೊತ್ತಿಗೆ ಸೀನನ ಮಗಳು ಪಿಯುಸಿ ಮುಗಿಸಿರ್ತಾಳೆ.

"ಮುಂದಿನದು ಯಾವುದೋ?" ಅಂದ ಸೀನ, ಚಟ್ನಿ ಹಾಕಿಸಿಕೊಳ್ತಾ.

"ಪರಶುರಾಮ. 2027."

"ಅದರಲ್ಲಿ ಏನಾಗುತ್ತೆ ಅಂತ ಮಗಳು ಕೇಳಿದರೆ?"

ಮೇಷ್ಟ್ರು ಬಾಯಿ ತೆಗೆದರು, ಅವನ ಮುಖ ನೋಡಿ ಮುಚ್ಚಿಕೊಂಡರು. "ಒಂದು ಕೊಡಲಿ ಇರುತ್ತೆ ಅಂತ ಹೇಳು" ಅಂದ ಮಂಜ, "ಈಗ ಅಷ್ಟು ಸಾಕು."