ವಾಲ್ವ್ ಟ್ರಾನ್ಸ್‌ಮಿಟರ್ ಮನೆಯಲ್ಲೇ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?

ಮುಲುಂಡ್‌ನಿಂದ:
ನಮಸ್ಕಾರ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇದೆ, ಜನರಲ್ ಗ್ರೇಡ್, ಮೋರ್ಸ್ ಬರುತ್ತದೆ. ಊರಿಗೆ ಹೋದಾಗ ಅಜ್ಜನ ಮನೆ ಅಟ್ಟದಲ್ಲಿ ಎರಡು 807 ವಾಲ್ವ್ (ಹಳೆ ರೇಡಿಯೋದ ಗಾಜಿನ ನಳಿಕೆ), ಒಂದು 6ವಿ6 ಸಿಕ್ಕವು. ಅದರಲ್ಲಿ 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡಿಗೆ ಒಂದು ಟ್ರಾನ್ಸ್‌ಮಿಟರ್ ಕಟ್ಟುವ ಆಸೆ. ಟ್ರಾನ್ಸಿಸ್ಟರ್ ಕಿಟ್ ಜೋಡಿಸಿ ಅಭ್ಯಾಸ ಇದೆ, ಆದರೆ 12 ವೋಲ್ಟ್‌ಗಿಂತ ಮೇಲೆ ಕೈ ಹಾಕಿದವನಲ್ಲ. ಸಾಮಾನು ಎಲ್ಲಿ ಸಿಗುತ್ತದೆ, ಯಾವ ಸರ್ಕ್ಯೂಟ್ ಹಿಡಿಯಲಿ? ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ, ಅದನ್ನೂ ಲೆಕ್ಕಕ್ಕೆ ತಗೊಂಡು ಹೇಳಿ.

ಡೊಂಬಿವಲಿಯಿಂದ:
807 ಈಗಲೇ ಮುಟ್ಟಬೇಡಿ. ಅದರ ತಲೆ ಮೇಲಿನ ಟೋಪಿ ಇದೆಯಲ್ಲ, ಅದೇ ಆನೋಡ್. ಪೂರ್ತಿ ಎಚ್‌ಟಿ (ಹೈ ಟೆನ್ಷನ್, ಅಂದರೆ ನೂರಾರು ವೋಲ್ಟ್) ಅಲ್ಲೇ ಬಯಲಲ್ಲಿ ನಿಂತಿರುತ್ತದೆ. ಮೊದಲು 6ವಿ6 ಒಂದನ್ನೇ ಇಟ್ಟುಕೊಂಡು ಕ್ರಿಸ್ಟಲ್ ಆಸಿಲೇಟರ್ (ಕ್ರಿಸ್ಟಲ್ ಹಿಡಿದಿಟ್ಟ ಒಂದೇ ಆವರ್ತನ ಹುಟ್ಟಿಸುವ ಸರ್ಕ್ಯೂಟ್) ಕಟ್ಟಿ. ನನ್ನದು 280 ವೋಲ್ಟ್‌ನಲ್ಲಿ ಸುಮಾರು 4 ವ್ಯಾಟ್ ಕೊಟ್ಟಿತು, ರಾತ್ರಿ ಹೊತ್ತು ಬೆಂಗಳೂರು, ಚೆನ್ನೈ ಎರಡೂ ಸಿಕ್ಕವು.

ನಿಜವಾದ ಕೆಲಸ ಇರುವುದು ವಾಲ್ವ್‌ನಲ್ಲಲ್ಲ, ಪವರ್ ಸಪ್ಲೈನಲ್ಲಿ. ನಾನು ಕಲಿತದ್ದು ಕೆಟ್ಟ ದಾರಿಯಲ್ಲಿ. ಮುಂಬೈಯ ಎಲೆಕ್ಟ್ರಾನಿಕ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ 300-0-300 (ನಡು ತಂತಿಯಿಂದ, ಅಂದರೆ ಸೆಂಟರ್ ಟ್ಯಾಪಿನಿಂದ, ಎರಡೂ ಕಡೆಗೆ 300 ವೋಲ್ಟ್) ಟ್ರಾನ್ಸ್‌ಫಾರ್ಮರ್ ಸುತ್ತಿಸಿದೆ, ಫಿಲ್ಟರ್‌ಗೆ 450 ವೋಲ್ಟಿನ ಕಂಡೆನ್ಸರ್ ಹಾಕಿದೆ. ಎಸಿಯ ತುದಿ ವೋಲ್ಟೇಜಿಗೆ 300ನ್ನು 1.414ರಿಂದ ಗುಣಿಸಿದರೆ 424 ತಾನೆ, ಸಾಕು ಅಂದುಕೊಂಡೆ. ರಾತ್ರಿ ಹನ್ನೊಂದಕ್ಕೆ ನಮ್ಮ ಕಡೆ ಮೇನ್ಸ್ 250ಕ್ಕೆ ಏರುತ್ತದೆ ಅನ್ನುವುದು ತಲೆಗೆ ಬರಲಿಲ್ಲ. ಆಗ ಅದೇ ಲೆಕ್ಕ 460 ದಾಟುತ್ತದೆ, ಅದರ ಮೇಲೆ ಮೋರ್ಸ್ ಕೀ ಒತ್ತದೆ ಕೂತಿದ್ದರಿಂದ ಲೋಡ್ ಕೂಡ ಇಲ್ಲ. ಕಂಡೆನ್ಸರ್ ಢಂ ಎಂದಿತು. ಗ್ಯಾಸ್ ಸಿಲಿಂಡರ್ ಅಂದುಕೊಂಡು ನಮ್ಮವಳು ಅಡುಗೆಮನೆಗೆ ಓಡಿದಳು, ಒಂದು ವಾರ ರೇಡಿಯೋ ಮಾತೇ ಎತ್ತುವಂತಿರಲಿಲ್ಲ.

ಈಗ ಹೀಗೆ ಮಾಡುತ್ತೇನೆ. 350 ವೋಲ್ಟಿನ 100 ಮೈಕ್ರೋಫ್ಯಾರಡ್ ಎರಡು, ಸರಣಿಯಲ್ಲಿ. ಪ್ರತಿಯೊಂದರ ಮೇಲೂ 100 ಕೆ, 2 ವ್ಯಾಟಿನ ರೆಸಿಸ್ಟರ್. ಅದು ವೋಲ್ಟೇಜನ್ನು ಸಮವಾಗಿ ಹಂಚುತ್ತದೆ, ಆಫ್ ಮಾಡಿದ ಮೇಲೆ ಚಾರ್ಜನ್ನು ಇಳಿಸುತ್ತದೆ. ಡಯೋಡ್ 1ಎನ್4007 ಆದರೆ ಪ್ರತಿ ಕಡೆ ಎರಡೆರಡು ಸರಣಿಯಲ್ಲಿ ಹಾಕಿ. ಸೆಂಟರ್ ಟ್ಯಾಪ್ ಸರ್ಕ್ಯೂಟಿನಲ್ಲಿ ಡಯೋಡ್ ಮೇಲೆ 850 ವೋಲ್ಟ್ ಉಲ್ಟಾ ಬೀಳುತ್ತದೆ, ಅದರ ತಾಕತ್ತು 1000, ಮೇನ್ಸ್ ಏರಿದರೆ ಉಳಿಯುವುದು ಕಡಿಮೆ. ಆಫ್ ಮಾಡಿ ಒಂದು ನಿಮಿಷ ಕಾಯಿರಿ, ಆಮೇಲೂ ಮೀಟರ್ ಇಟ್ಟು ನೋಡದೆ ಕೈ ಹಾಕಬೇಡಿ, ಯಾಕೆಂದರೆ ರೆಸಿಸ್ಟರ್ ಕೂಡ ಒಂದು ದಿನ ಓಪನ್ ಆಗುತ್ತದೆ. ಎಡಗೈ ಜೇಬಿನಲ್ಲಿರಲಿ, ಎರಡೂ ಕೈ ತಗುಲಿದರೆ ಕರೆಂಟ್ ಎದೆ ದಾಟುತ್ತದೆ. ಮಗು ಇರುವ ಮನೆ ಅಂದಿರಿ, ಹಾಗಾದರೆ ಮುಚ್ಚಳ ಇಲ್ಲದ ಚಾಸಿಗೆ (ಭಾಗ ಕೂರಿಸುವ ಲೋಹದ ಚೌಕಟ್ಟು) ಪ್ಲಗ್ಗೇ ಹಾಕಬಾರದು.

ಪುಣೆಯಿಂದ:
ಡೊಂಬಿವಲಿ ಸರ್ ಹೇಳಿದ್ದಕ್ಕೆ ನನ್ನದೂ ಒಂದಿಷ್ಟು. ಇಲ್ಲಿ ಹಳೆ ಸಾಮಾನಿನ ಸಂತೆ ಜೂನಾ ಬಜಾರ್ ಭಾನುವಾರ, ಬುಧವಾರ ಸೇರುತ್ತದೆ. ಒಳ್ಳೆಯ ವಾಲ್ವ್ ಹುಡುಕುತ್ತ ಹೋದರೆ ನಿರಾಸೆ ಆಗುತ್ತದೆ, ಹಳೆ ರೇಡಿಯೋ ಪೂರ್ತಿ ತಗೊಳ್ಳಿ. ಗ್ಯಾಂಗ್ ಕಂಡೆನ್ಸರ್ (ಸ್ಟೇಷನ್ ಹಿಡಿಯಲು ತಿರುಗಿಸುವ ಭಾಗ), ವಾಲ್ವ್ ಸಾಕೆಟ್, ಟ್ರಾನ್ಸ್‌ಫಾರ್ಮರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತವೆ. ಆ ಗ್ಯಾಂಗೇ ಆಂಟೆನಾಗೆ ಹೊಂದಿಸುವ ನಿಮ್ಮ ಪೈ ನೆಟ್‌ವರ್ಕಿಗೆ ಆಗುತ್ತದೆ, ಹೊಸದು ಈಗ ಸಿಗುವುದು ಕಷ್ಟ. ನನಗೆ ಒಂದರಲ್ಲಿ ಬಿಇಎಲ್‌ನ ಇಎಲ್84 ಸಿಕ್ಕಿತು, ನಮ್ಮ ಬೆಂಗಳೂರಿನಲ್ಲಿ ಮಾಡಿದ್ದು, ಇನ್ನೂ ಚೆನ್ನಾಗಿ ಓಡುತ್ತಿದೆ. ಸುಮ್ನೆ ಜಂಬ ಅಂದುಕೊಳ್ಳಿ.

ಕೊಳ್ಳುವಾಗ ಗಾಜಿನ ಒಳಗಿನ ಕನ್ನಡಿಯಂಥ ಲೇಪ ನೋಡಿ. ಅದು ಬೆಳ್ಳಗೆ ಹಾಲಿನಂತಾಗಿದ್ದರೆ ಗಾಳಿ ಹೊಕ್ಕಿದೆ, ಬಿಟ್ಟುಬಿಡಿ. ಒಳಗಿನ ಹೀಟರ್ ತಂತಿ ಕಡಿದಿದೆಯೇ ಅಂತ ಮೀಟರಿನಲ್ಲಿ ನೋಡಿಕೊಳ್ಳಿ. ಧೂಳು ಅಂತ ಬಟ್ಟೆಯಿಂದ ಒರೆಸಬೇಡಿ, ನಂಬರ್ ಅಳಿಸಿಹೋಗುತ್ತದೆ. ನನ್ನ ಬಳಿ ಈಗಲೂ ಹೆಸರಿಲ್ಲದ ನಾಲ್ಕು ವಾಲ್ವ್ ಇವೆ.

ಇನ್ನು ಕ್ರಿಸ್ಟಲ್. ಈಗಿನ ಚಿಕ್ಕ ತಗಡಿನ ಡಬ್ಬಿಯ ಕ್ರಿಸ್ಟಲ್ ವಾಲ್ವ್ ಸರ್ಕ್ಯೂಟಿನ ಕರೆಂಟನ್ನು ತಡೆಯುವುದಿಲ್ಲ. ಕೀ ಒತ್ತುತ್ತಿದ್ದಂತೆ ಸ್ವರ ಜಾರುತ್ತದೆ, ಹೆಚ್ಚಾದರೆ ಕ್ರಿಸ್ಟಲ್ಲೇ ಸೀಳುತ್ತದೆ. ನಾನು ಮೂರು ಕಳೆದುಕೊಂಡೆ. ವಾಲ್ವಿನ ಸ್ಕ್ರೀನ್ ಗ್ರಿಡ್ಡಿನ ವೋಲ್ಟೇಜ್ ಇಳಿಸಿ, ಕ್ರಿಸ್ಟಲ್ ಜೊತೆ ಸರಣಿಯಲ್ಲಿ 60 ಮಿಲಿ ಆಂಪಿಯರಿನ ಪುಟ್ಟ ಬಲ್ಬ್ ಹಾಕಿ. ಬಲ್ಬ್ ಹೊಳೆದರೆ ಕರೆಂಟ್ ಜಾಸ್ತಿ ಆಯಿತು ಅಂತ. ಅಭ್ಯಾಸಕ್ಕೆ ಹಳೆ ಫೋನಿನ 3.58 ಮೆಗಾಹರ್ಟ್ಸ್ ಕ್ರಿಸ್ಟಲ್ ಸಾಕು, 80 ಮೀಟರಿನಲ್ಲಿ ಬರುತ್ತದೆ, ಹೋದರೂ ಬೇಜಾರಿಲ್ಲ.

ಕೀಯನ್ನು ನೇರ ವಾಲ್ವಿನ ಕ್ಯಾಥೋಡಿಗೆ ಹಾಕುವ ಹಳೆ ಚಿತ್ರ ಎಲ್ಲ ಕಡೆ ಇದೆ. ಮಾಡಬೇಡಿ. ಕೀ ಎತ್ತಿದಾಗ ಅದರ ಮೇಲೆ ವೋಲ್ಟೇಜ್ ನಿಂತಿರುತ್ತದೆ. ಮಳೆಗಾಲದ ಬೆವರು ಕೈಯಲ್ಲಿ ನನಗೆ ಹೊಡೆದ ಷಾಕಿಗೆ ಕೀ ಗೋಡೆಗೆ ಹಾರಿತ್ತು. ನಡುವೆ 12 ವೋಲ್ಟಿನ ರಿಲೇ ಇರಲಿ.

ವಾಸ್ಕೋದಿಂದ:
ಗೋವಾದಲ್ಲಿ ನಮ್ಮ ಶತ್ರು ಉಪ್ಪುಗಾಳಿ. ಕಬ್ಬಿಣದ ಚಾಸಿ ಎರಡು ಮಳೆಗಾಲ ಬಾಳಲಿಲ್ಲ, ಈಗ ಅಲ್ಯೂಮಿನಿಯಂ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಟ್ಟಿನ ಪೆಟ್ಟಿಗೆಯಲ್ಲಿ 15 ವ್ಯಾಟಿನ ಬಲ್ಬ್ ಉರಿಯುತ್ತಲೇ ಇರುತ್ತದೆ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ತೇವ ಎಳೆದುಕೊಳ್ಳುತ್ತದೆ. ಇನ್ನೊಂದು ಮಾತು: ಆಂಟೆನಾ ಸಾಕೆಟಿನಿಂದ ಚಾಸಿಗೆ ಒಂದು 2.5 ಮಿಲಿಹೆನ್ರಿ ಚೋಕ್ (ತಂತಿಯ ಸುರುಳಿ) ಮರೆಯದೆ ಹಾಕಿ. ವಾಲ್ವಿಗೂ ಆಂಟೆನಾಗೂ ನಡುವಿನ ಕಪ್ಲಿಂಗ್ ಕಂಡೆನ್ಸರ್ ಷಾರ್ಟ್ ಆದರೆ ಎಚ್‌ಟಿ ಸೀದಾ ತಾರಸಿಯ ತಂತಿಗೆ ಹೋಗುತ್ತದೆ. ಅಲ್ಲಿ ಯಾರೋ ಬಟ್ಟೆ ಒಣಗಿಸುತ್ತಿರುತ್ತಾರೆ. ಚೋಕ್ ಇದ್ದರೆ ಫ್ಯೂಸ್ ಹೋಗುತ್ತದೆ, ಅಷ್ಟೇ.

ಮುಲುಂಡ್‌ನಿಂದ:
ಎಲ್ಲರಿಗೂ ಥ್ಯಾಂಕ್ಸ್, ಸ್ವಲ್ಪ ಹೆದರಿಕೆಯೂ ಆಯಿತು. 6ವಿ6 ಅಂತ ತೀರ್ಮಾನ. ತಾರಸಿಯಲ್ಲಿ 20 ಮೀಟರ್ ತಂತಿ ಕಟ್ಟಲು ಸೊಸೈಟಿಯವರು ಒಪ್ಪಿದ್ದಾರೆ, ಗಣಪತಿ ಹಬ್ಬದ ಲೈಟಿಗೂ ಅದೇ ಕಂಬ ಕೊಡುತ್ತೇನೆ ಅಂದ ಮೇಲೆ. ಅಷ್ಟರೊಳಗೆ ಆಂಟೆನಾ ಇಲ್ಲದೆ ಟೆಸ್ಟ್ ಮಾಡುವುದು ಹೇಗೆ? ಮತ್ತೆ, ಭಂಗಾರ್‌ವಾಲಾ (ಗುಜರಿಯವ) ಒಬ್ಬ ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ಅಗ್ಗಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾನೆ, ಮುಂದೆ 807ಕ್ಕೆ ಆಗಬಹುದಾ?

ಡೊಂಬಿವಲಿಯಿಂದ:
ಬೇಡವೇ ಬೇಡ. ಅದು 2000 ವೋಲ್ಟಿನ ವ್ಯವಹಾರ, ಸುರುಳಿಯ ಒಂದು ತುದಿ ಕಬ್ಬಿಣಕ್ಕೇ ಸೇರಿಸಿರುತ್ತಾರೆ, ಕರೆಂಟಂತೂ ಧಾರಾಳ. ಮುಟ್ಟಿದವರು ಬದುಕುವುದು ಕಷ್ಟ. ನಿಮ್ಮ 807ಕ್ಕೆ 500 ವೋಲ್ಟ್ ಇದ್ದರೆ ಬೇಕಾದಷ್ಟಾಯಿತು.

ಟೆಸ್ಟಿಗೆ 1 ಕೆ, 2 ವ್ಯಾಟಿನ ರೆಸಿಸ್ಟರ್ 20 ತಂದು ಪ್ಯಾರಲಲ್ ಬೆಸೆಯಿರಿ. 50 ಓಮ್ ಆಯಿತು, 40 ವ್ಯಾಟ್ ತಡೆಯುತ್ತದೆ, ನಾಳೆ 807ಕ್ಕೂ ಆಂಟೆನಾ ಬದಲಿಗೆ ಅದೇ ಡಮ್ಮಿ ಲೋಡ್. ತಂತಿ ಸುತ್ತಿದ ರೆಸಿಸ್ಟರ್ ಮಾತ್ರ ಬೇಡ, ಅದು ಕಾಯಿಲಿನಂತೆ ವರ್ತಿಸುತ್ತದೆ.

ಬರುವ ಶನಿವಾರ ನನಗೂ ಲ್ಯಾಮಿಂಗ್ಟನ್ ರೋಡಿನಲ್ಲಿ ಕೆಲಸ ಇದೆ, ಭಾನುವಾರ ಅಂಗಡಿ ಬಾಗಿಲು. ಹನ್ನೊಂದಕ್ಕೆ ಗ್ರಾಂಟ್ ರೋಡ್ ಸ್ಟೇಷನ್ ಹೊರಗೆ ಸಿಗಿ, ಟ್ರಾನ್ಸ್‌ಫಾರ್ಮರ್ ಸುತ್ತುವವನಿಗೆ ನಾನೇ ಬರೆದುಕೊಡುತ್ತೇನೆ. 6ವಿ6 ತನ್ನಿ, ಅಲ್ಲೇ ಸಾಕೆಟ್ ನೋಡೋಣ. 807 ಮನೆಯಲ್ಲೇ ಇರಲಿ.