ಚಳಿಗಾಲದಲ್ಲಿ ದಮ್ಮಿರುವ ತಂದೆಯವರನ್ನು ನಡೆಸಬಹುದೇ?

ಪ್ರಶ್ನೆ: ಎಣ್ಮಕಜೆಯಿಂದ ಒಬ್ಬ ಮಗ

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ಗುಡ್ಡದ ಬದಿಯಲ್ಲಿರುವ ಮನೆ. ತಂದೆಯವರಿಗೆ 71 ವರ್ಷ. ಬಹಳ ಕಾಲ ಬೀಡಿ ಸೇದಿ, ಆರು ವರ್ಷಗಳ ಹಿಂದೆ ಪೂರ್ತಿಯಾಗಿ ಬಿಟ್ಟಿದ್ದಾರೆ. ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ರೋಗ, ಎಂದು ವೈದ್ಯರು ಹೇಳಿ ಮೂರು ವರ್ಷವಾಯಿತು. ಇನ್‌ಹೇಲರನ್ನು ತಪ್ಪದೆ ತೆಗೆದುಕೊಳ್ಳುತ್ತಾರೆ. ಮಳೆಗಾಲ ಮುಗಿಯುವವರೆಗೂ ದಿನಕ್ಕೊಮ್ಮೆ ತೋಟಕ್ಕೆ ಇಳಿದು, ನೀರಿಗಾಗಿ ಗುಡ್ಡದೊಳಗೆ ಅಡ್ಡವಾಗಿ ಕೊರೆದ ಸುರಂಗದ ಬಾಯಿಯವರೆಗೆ ಹೋಗಿ ನೀರು ನೋಡಿಕೊಂಡು ಬರುತ್ತಿದ್ದವರು, ಬೆಳಗಿನ ಮಂಜು ಬೀಳತೊಡಗಿದ ಮೇಲೆ ಚಾವಡಿಯ ಆರಾಮಕುರ್ಚಿಯಿಂದ ಏಳುವುದೇ ಕಡಿಮೆಯಾಗಿದೆ. ಕಳೆದ ವರ್ಷವೂ ಹೀಗೆಯೇ ಆಗಿತ್ತು. ಫೆಬ್ರವರಿ ಮುಗಿದು ಎದ್ದು ನಡೆಯಲು ನೋಡಿದಾಗ, ಹಿಂದೆ ನಡೆಯುತ್ತಿದ್ದ ದೂರದ ಅರ್ಧವೂ ಅವರಿಗೆ ಸಾಧ್ಯವಾಗಲಿಲ್ಲ.

ಆಸ್ಪತ್ರೆಯೊಂದರಲ್ಲಿ ಉಸಿರಾಟದ ವ್ಯಾಯಾಮಗಳ ಒಂದು ಹಾಳೆ ಕೊಟ್ಟಿದ್ದರು. ಅದು ಮಲಯಾಳದಲ್ಲಿದೆ. ಕನ್ನಡ ಶಾಲೆಯಲ್ಲಿ ಕಲಿತ ತಂದೆಯವರಿಗೆ ಅದು ಓದಲು ಬಾರದು; ನಾನು ಓದಿ ಹೇಳಿದರೂ, ಎಷ್ಟು ದಮ್ಮು ಬಂದರೆ ನಿಲ್ಲಿಸಬೇಕು ಎಂಬ ಮುಖ್ಯ ಮಾತೇ ಅದರಲ್ಲಿಲ್ಲ. ಏದುಸಿರು ಬರುವಂತೆ ನಡೆದರೆ ಶ್ವಾಸಕೋಶ ಇನ್ನಷ್ಟು ಹಾಳಾಗುತ್ತದೆ ಎಂಬ ಹೆದರಿಕೆ ತಾಯಿಯವರದು. ನೆರೆಯವರು ಮೂರು ಚೆಂಡುಗಳ ಉಸಿರಾಟದ ಉಪಕರಣವೊಂದನ್ನು ತಂದುಕೊಟ್ಟಿದ್ದಾರೆ. ಬೆಳಿಗ್ಗೆ ಕಫ ಹೊರಬಾರದೆ ಅರ್ಧ ಗಂಟೆ ಕೆಮ್ಮಿ ಸುಸ್ತಾಗುತ್ತಾರೆ. ತಿಳಿದವರು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಉತ್ತರ: ಮಂಗಳೂರಿನಲ್ಲಿ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್, ಊರು ಬದಿಯಡ್ಕ

ನಿಮ್ಮ ತಾಯಿಯವರ ಹೆದರಿಕೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನು ನೋಡುವ ಹೆಚ್ಚಿನ ಮನೆಗಳಲ್ಲಿ ರೋಗಿಯನ್ನು ಕುರ್ಚಿಗೆ ಕಟ್ಟಿಹಾಕುವುದು ರೋಗಕ್ಕಿಂತಲೂ ಈ ಹೆದರಿಕೆಯೇ. ನಡೆಯುವಾಗ ದಮ್ಮು ಬಂದಿತೆಂದ ಮಾತ್ರಕ್ಕೆ ಶ್ವಾಸಕೋಶಕ್ಕೆ ಹಾನಿಯಾಗುವುದಿಲ್ಲ. ಹಾನಿಯಾಗುವುದು ಕುಳಿತೇ ಇದ್ದಾಗ, ಅದೂ ಕಾಲುಗಳಿಗೆ. ಬಳಸದ ಸ್ನಾಯು ಸೊರಗುತ್ತದೆ; ಸೊರಗಿದ ಸ್ನಾಯು ಅದೇ ಹತ್ತು ಹೆಜ್ಜೆಗೆ ಬೇಗ ದಣಿದು ಹೆಚ್ಚು ಉಸಿರನ್ನು ಬೇಡುತ್ತದೆ; ಹೆಚ್ಚು ದಮ್ಮು ಬರುವುದರಿಂದ ಮನುಷ್ಯ ಇನ್ನೂ ಕಡಿಮೆ ನಡೆಯುತ್ತಾನೆ. ಕಳೆದ ಫೆಬ್ರವರಿಯಲ್ಲಿ ನೀವು ಕಂಡದ್ದು ಬಹುಶಃ ಇದನ್ನೇ. ವ್ಯಾಯಾಮವು ಸಿಒಪಿಡಿಯಿಂದ ಕೆಟ್ಟ ಶ್ವಾಸಕೋಶವನ್ನು ಸರಿಪಡಿಸುವುದಿಲ್ಲ, ಈ ಮಾತನ್ನು ಮರೆಮಾಚಬಾರದು. ಆದರೆ ಉಳಿದಿರುವ ಉಸಿರಿನಲ್ಲೇ ಹೆಚ್ಚು ಕೆಲಸ ಮಾಡುವಂತೆ ಕಾಲು ತೋಳುಗಳನ್ನು ಅದು ಪಳಗಿಸುತ್ತದೆ.

ಆರಂಭಿಸುವ ಮುನ್ನ ವೈದ್ಯರಲ್ಲಿ ಆರು ನಿಮಿಷದ ನಡಿಗೆಯ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ. ಎಷ್ಟು ಮೀಟರ್ ನಡೆಯುತ್ತಾರೆ, ನಡೆಯುವಾಗ ರಕ್ತದ ಆಮ್ಲಜನಕ ಎಷ್ಟು ಇಳಿಯುತ್ತದೆ ಎಂಬುದು ಅದರಲ್ಲಿ ತಿಳಿಯುತ್ತದೆ. ಹೃದಯದ ತೊಂದರೆ ಏನಾದರೂ ಇದ್ದರೆ ಅದನ್ನೂ ಆಗಲೇ ನೋಡಿಸಬೇಕು. ಎಲ್ಲಿ ನಿಲ್ಲಿಸಬೇಕು ಎಂಬ ನಿಮ್ಮ ಪ್ರಶ್ನೆಗೆ ನಾವು ಬಳಸುವುದು 0ಯಿಂದ 10ರವರೆಗಿನ ಬೋರ್ಗ್ ಅಳತೆ. ಸೊನ್ನೆ ಎಂದರೆ ಸ್ವಲ್ಪವೂ ದಮ್ಮಿಲ್ಲ, ಹತ್ತು ಎಂದರೆ ತಡೆಯಲಾರದ ದಮ್ಮು. ತಂದೆಯವರು 3 ಅಥವಾ 4 ಎನ್ನುವಷ್ಟು ದಮ್ಮಿನಲ್ಲಿ ನಡೆಯಬೇಕು: ಉಸಿರು ಜೋರಾಗಿರಬೇಕು, ಆದರೆ ನೀವು ಕೇಳಿದ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರ ಕೊಡಲು ಆಗುತ್ತಿರಬೇಕು. ಅದಕ್ಕಿಂತ ಕಡಿಮೆಯಾದರೆ ಪ್ರಯೋಜನ ಸಾಲದು, 5 ದಾಟಿದರೆ ನಿಲ್ಲಬೇಕು. ಮೊದಲ ವಾರ ಎರಡು ನಿಮಿಷ ನಡೆದು ಒಂದು ನಿಮಿಷ ನಿಂತು, ಹೀಗೆ ಹತ್ತು ನಿಮಿಷ ಸಾಕು. ಕ್ರಮೇಣ 20ರಿಂದ 30 ನಿಮಿಷಕ್ಕೆ ಏರಿಸಿ, ವಾರಕ್ಕೆ ಐದು ದಿನವಾದರೂ ಇರಲಿ. ಕುರ್ಚಿಯಿಂದ ಕೈಯೂರದೆ ಎದ್ದು ಕುಳಿತುಕೊಳ್ಳುವುದು ತೊಡೆಗೆ ಅತ್ಯುತ್ತಮ ವ್ಯಾಯಾಮ. ಅರ್ಧ ಲೀಟರಿನ ನೀರಿನ ಬಾಟಲಿಗಳನ್ನು ಎತ್ತಿ ಇಳಿಸುವುದು ತೋಳಿಗೆ. ಆಸ್ಪತ್ರೆಗಳ ಶ್ವಾಸಕೋಶ ಪುನಶ್ಚೇತನ ತರಬೇತಿಯು ಸಾಮಾನ್ಯವಾಗಿ 6ರಿಂದ 8 ವಾರಗಳದ್ದು. ಅದಕ್ಕಿಂತ ಮೊದಲೇ ಫಲ ಕಾಣಲಿಲ್ಲವೆಂದು ಬಿಡಬೇಡಿ.

ಉಸಿರಿನ ವಿಚಾರದಲ್ಲಿ ಒಂದನ್ನು ಅರ್ಥ ಮಾಡಿಕೊಂಡರೆ ಉಳಿದದ್ದು ಸುಲಭ. ಸಿಒಪಿಡಿಯಲ್ಲಿ ಮುಖ್ಯ ತೊಂದರೆ ಗಾಳಿ ಒಳಗೆ ಬರುವುದರಲ್ಲಲ್ಲ, ಹೊರಗೆ ಹೋಗುವುದರಲ್ಲಿ. ಉಸಿರು ಬಿಡುವಾಗ ಸಣ್ಣ ನಾಳಗಳು ಮುಚ್ಚಿಕೊಂಡು ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಗಾಬರಿಯಿಂದ ಬೇಗ ಬೇಗ ಉಸಿರಾಡಿದಷ್ಟೂ ಹೊರಹೋಗಲು ಸಮಯ ಸಾಲದೆ ಎದೆ ಇನ್ನಷ್ಟು ತುಂಬಿಕೊಳ್ಳುತ್ತದೆ. ಆದ್ದರಿಂದ ಮೂಗಿನಿಂದ ಉಸಿರು ತೆಗೆದು, ಬಿಸಿ ಕಾಫಿಯನ್ನು ಆರಿಸುವಾಗ ಮಾಡುವಂತೆ ತುಟಿ ಕೂಡಿಸಿ ನಿಧಾನವಾಗಿ ಬಿಡಬೇಕು. ತುಟಿಯಲ್ಲಿ ಉಂಟಾಗುವ ಆ ತಡೆಯ ಒತ್ತಡವೇ ಒಳಗಿನ ನಾಳಗಳನ್ನು ತೆರೆದಿಡುತ್ತದೆ. ಎರಡು ಹೆಜ್ಜೆಗೆ ಒಳಗೆ, ನಾಲ್ಕು ಹೆಜ್ಜೆಗೆ ಹೊರಗೆ ಎಂದು ಲೆಕ್ಕವಿಟ್ಟು ನಡೆಯಲಿ. ಏರು ಬಂದಾಗ ನಿಂತು ಉಸಿರು ತೆಗೆದು, ಬಿಡುತ್ತಾ ಹತ್ತಬೇಕು. ಭಾರವಾದ ಮರವನ್ನು ಎತ್ತುವಾಗ ನಮ್ಮ ಹಿರಿಯರು ‘ಐಸಾ’ ಎಂದು ಕೂಗುತ್ತಿದ್ದದ್ದೂ ಉಸಿರನ್ನು ಹೊರಬಿಡುತ್ತಲೇ ಅಲ್ಲವೇ? ದಮ್ಮು ಹೆಚ್ಚಾದರೆ ಮುಂದಕ್ಕೆ ಬಾಗಿ ಮೊಣಕೈಗಳನ್ನು ಮೊಣಕಾಲಿನ ಮೇಲೆ ಊರಿ ಕುಳಿತುಕೊಳ್ಳಲಿ. ಮುಖಕ್ಕೆ ಮೆಲ್ಲಗೆ ಬೀಸಣಿಗೆಯಿಂದ ಗಾಳಿ ಹಾಕಿದರೂ ದಮ್ಮಿನ ಸಂಕಟ ಇಳಿಯುತ್ತದೆ.

ಮೂರು ಚೆಂಡುಗಳ ಉಪಕರಣದ ವಿಚಾರವೂ ಇಲ್ಲಿಯೇ ತಿಳಿಯುತ್ತದೆ. ಅದು ಶಸ್ತ್ರಚಿಕಿತ್ಸೆಯಾಗಿ ಮಲಗಿದವರು ಉಸಿರನ್ನು ಆಳವಾಗಿ ಒಳಗೆಳೆದುಕೊಳ್ಳಲೆಂದು ಮಾಡಿದ್ದು. ನಿಮ್ಮ ತಂದೆಯವರಿಗೆ ಬೇಕಾದದ್ದು ಹೊರಬಿಡುವ ಅಭ್ಯಾಸ. ಅದನ್ನು ಬದಿಗಿಡಿ.

ಉತ್ತರ: ನೀರ್ಚಾಲಿನಿಂದ ಒಬ್ಬರು ಗೃಹಿಣಿ

ಕಫದ ಬಗ್ಗೆ ಮಾತ್ರ ಬರೆಯುತ್ತೇನೆ. ಕ್ಷಯರೋಗ ವಾಸಿಯಾದ ಬಳಿಕ ನನ್ನ ಎಡ ಶ್ವಾಸಕೋಶದ ಕೆಳಭಾಗದಲ್ಲಿ ಬ್ರಾಂಕಿಯೆಕ್ಟಾಸಿಸ್, ಅಂದರೆ ಶ್ವಾಸನಾಳಗಳು ಹಿಗ್ಗಿ ಕಫ ಕಟ್ಟಿಕೊಳ್ಳುವ ತೊಂದರೆ, ಉಳಿದುಕೊಂಡಿತು. ಹನ್ನೊಂದು ವರ್ಷಗಳಿಂದ ದಿನಾಲೂ ಕಫ ತೆಗೆಯುವುದು ಹಲ್ಲುಜ್ಜುವಷ್ಟೇ ಸಹಜವಾಗಿದೆ. ಕೆಮ್ಮಿ ಕೆಮ್ಮಿ ಕಫ ತೆಗೆಯಲು ಹೊರಟರೆ ನಾಳಗಳು ಮುಚ್ಚಿಕೊಂಡು ಸುಸ್ತು ಮಾತ್ರ ಉಳಿಯುತ್ತದೆ. ನನಗೆ ಕಲಿಸಿದ ಕ್ರಮ ಹೀಗಿದೆ: ಮೊದಲು ಭುಜ ಸಡಿಲ ಬಿಟ್ಟು ಸ್ವಲ್ಪ ಹೊತ್ತು ಶಾಂತವಾದ ಉಸಿರಾಟ, ಅನಂತರ ಮೂರು ನಾಲ್ಕು ಸಲ ಆಳವಾಗಿ ಉಸಿರು ತೆಗೆದು, ಮೂರು ಸೆಕೆಂಡು ಹಿಡಿದು, ಬಿಡುವುದು, ಮತ್ತೆ ಶಾಂತ ಉಸಿರಾಟ, ಆಮೇಲೆ ಬಾಯಿ ತೆರೆದು, ಕನ್ನಡಕದ ಗಾಜಿಗೆ ಹಬೆ ಹಿಡಿಸುವಂತೆ ‘ಹಾ’ ಎಂದು ಹೊಟ್ಟೆಯಿಂದ ಒತ್ತಿ ಒಂದೆರಡು ಸಲ ಬಿಡುವುದು. ಕಫ ಮೇಲೆ ಬಂದಂತೆ ಅನಿಸಿದಾಗ ಒಂದೇ ಕೆಮ್ಮು ಸಾಕು. ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಯುತ್ತದೆ. ಮೊದಲ ಸಲ ಫಿಸಿಯೋಥೆರಪಿಸ್ಟರ ಎದುರಿನಲ್ಲೇ ಕಲಿಯಬೇಕು, ಬರೆದದ್ದನ್ನು ಓದಿ ಆ ‘ಹಾ’ ಸರಿಯಾಗಿ ಬರುವುದಿಲ್ಲ.

ಕಫ ಹಸಿರಾದರೆ, ಹೆಚ್ಚಾದರೆ, ರಕ್ತ ಕಂಡರೆ, ಅಥವಾ ರೋಗಿ ಮಂಕಾಗಿ ತೂಕಡಿಸತೊಡಗಿದರೆ ವ್ಯಾಯಾಮವನ್ನು ನಿಲ್ಲಿಸಿ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಚಳಿಗಾಲಕ್ಕೆ ಮುನ್ನ ಫ್ಲೂ ಲಸಿಕೆಯನ್ನು ಪ್ರತಿ ವರ್ಷ ಹಾಕಿಸಿಕೊಳ್ಳುವುದನ್ನೂ ಕೇಳಿ ನೋಡಿ.

ಉತ್ತರ: ಮುಳ್ಳೇರಿಯದಿಂದ ಒಬ್ಬ ಕೃಷಿಕ

ನಮ್ಮ ಕಡೆಯ ಚಳಿ ತೀರಾ ಕಠಿಣವಾದದ್ದಲ್ಲ. ಆದರೆ ನಮ್ಮ ಚಳಿಗಾಲವೆಂದರೆ ಹೊಗೆ ಮತ್ತು ಧೂಳಿನ ಕಾಲ: ಅಂಗಳದಲ್ಲಿ ಅಡಿಕೆ, ತೋಟದ ಬದಿಯಲ್ಲಿ ಒಣಸೋಗೆಗೆ ಬೆಂಕಿ, ಮುಂಜಾನೆಯೇ ಬಚ್ಚಲೊಲೆ. ಬೆಳಗಿನ ತಂಪಿನಲ್ಲಿ ಹೊಗೆ ಮೇಲೇರದೆ ತಗ್ಗಿನಲ್ಲೇ ನಿಲ್ಲುತ್ತದೆ. ಆ ಹೊತ್ತಿನಲ್ಲಿ ತಂದೆಯವರನ್ನು ವಾಕಿಂಗ್ ಎಂದು ಹೊರಡಿಸಬೇಡಿ. ಬಿಸಿಲೇರಿ ಮಂಜು ಕರಗಿದ ಮೇಲೆ, ಒಂಬತ್ತೂವರೆಯ ನಂತರ ಅಥವಾ ಸಂಜೆ ನಾಲ್ಕಕ್ಕೆ, ಮೂಗು ಬಾಯಿಗೆ ಬೈರಾಸು ಸುತ್ತಿಕೊಂಡು ಹೋಗಲಿ. ಒಳಗೆ ಹೋಗುವ ಗಾಳಿ ಬೆಚ್ಚಗಾಗುತ್ತದೆ. ತೀರಾ ಮಂಜಿದ್ದ ದಿನ ಚಾವಡಿಯ ಉದ್ದಕ್ಕೂ ನಡೆದರಾಯಿತು. ಅಡಿಕೆ ಸುಲಿಯುವ ಯಂತ್ರ ಓಡುವಾಗ ಅವರು ಮನೆಯ ಇನ್ನೊಂದು ಬದಿಯಲ್ಲಿರಲಿ. ನನ್ನ ಅಣ್ಣನಿಗೆ ಔಷಧಿಗಿಂತಲೂ ಹೆಚ್ಚು ಉಪಕಾರವಾದದ್ದು ಸೋಗೆ ಸುಡುವುದನ್ನು ನಿಲ್ಲಿಸಿ ಅಡಿಕೆ ಮರಗಳ ಬುಡಕ್ಕೆ ಹಾಕತೊಡಗಿದ್ದು ಎಂದು ನಾನು ನಂಬಿದ್ದೇನೆ.

ಇನ್ನೊಂದು ಮಾತು: ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಸಿಒಪಿಡಿ ಮತ್ತು ಅಸ್ತಮಾ ರೋಗಿಗಳಿಗಾಗಿ ‘ಶ್ವಾಸ್’ ಎಂಬ ಸರಕಾರಿ ಯೋಜನೆಯಿದೆ. ನಿಮ್ಮ ಹತ್ತಿರದ ಕೇಂದ್ರದಲ್ಲಿ ವಿಚಾರಿಸಿ, ಸೂಚನೆಗಳನ್ನು ಕನ್ನಡದಲ್ಲಿ ಕೊಡಬೇಕೆಂದು ಸಂಕೋಚವಿಲ್ಲದೆ ಕೇಳಿ. ರೋಗಿಗೆ ಅರ್ಥವಾಗದ ವ್ಯಾಯಾಮದ ಹಾಳೆಯನ್ನು ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ.

ಪ್ರಶ್ನಿಸಿದವರಿಂದ, ನಾಲ್ಕು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ನಡಿಗೆಯ ಪರೀಕ್ಷೆಯಾಯಿತು, ವೈದ್ಯರು ಒಪ್ಪಿದರು. ಮೇಲಿನ ಉತ್ತರಗಳನ್ನು ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದು ಚಾವಡಿಯ ಗೋಡೆಗೆ ಅಂಟಿಸಿದ್ದೇನೆ. ತಂದೆಯವರು ತಾವೇ ಓದಿ, ಅಂಗಳದಲ್ಲಿ ಈಗ ಹದಿನಾಲ್ಕು ನಿಮಿಷ ನಡೆಯುತ್ತಾರೆ, ನಡುವೆ ಎರಡು ಸಲ ನಿಲ್ಲುತ್ತಾರೆ. ಕಫ ಬೇಗ ಬರುತ್ತಿದೆ. ಸುರಂಗದ ಏರು ಇನ್ನೂ ಆಗಿಲ್ಲ. ಒಂದು ಸಂದೇಹ: ನಡಿಗೆಯ ಮೊದಲು, ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಶೇಕಡಾ 94 ತೋರಿಸುತ್ತದೆ, ಆದರೆ ನಿನ್ನೆ ನಡೆಯುವಾಗ 87 ತೋರಿಸಿತು. ತಂದೆಯವರಿಗೆ ಹೆಚ್ಚಿನ ದಮ್ಮೇನೂ ಇರಲಿಲ್ಲ.

ಉತ್ತರ: ಬದಿಯಡ್ಕದ ಫಿಸಿಯೋಥೆರಪಿಸ್ಟ್

ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪಾಗಿ ಕಡಿಮೆ ತೋರಿಸುವುದುಂಟು, ಚಳಿಗಾಲದಲ್ಲಿ ಇದು ಸಾಮಾನ್ಯ. ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿ, ನಿಂತು, ಅಂಕೆ ಸ್ಥಿರವಾಗುವವರೆಗೆ ಕಾದು ಮತ್ತೆ ನೋಡಿ. ಆಗಲೂ 88ಕ್ಕಿಂತ ಕೆಳಗಿದ್ದರೆ, ದಮ್ಮಿಲ್ಲವೆಂದು ಅವರು ಹೇಳಿದರೂ ಆ ದಿನದ ನಡಿಗೆಯನ್ನು ಅಲ್ಲಿಗೇ ನಿಲ್ಲಿಸಿ, ನಾಲ್ಕೈದು ದಿನಗಳ ಅಂಕೆಗಳನ್ನು ಬರೆದಿಟ್ಟು ಕಾಯಬೇಡಿ, ಈ ವಾರವೇ ವೈದ್ಯರಿಗೆ ತೋರಿಸಿ. ನಡೆಯುವಾಗ ಮಾತ್ರ ಆಮ್ಲಜನಕ ಕೊಡಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ಸುರಂಗದ ಏರನ್ನು ಅದು ತೀರ್ಮಾನವಾದ ಮೇಲೆ ನೋಡೋಣ. ಅಲ್ಲಿಯವರೆಗೆ ಕುರ್ಚಿಯಿಂದ ಏಳುವ ವ್ಯಾಯಾಮವನ್ನು, ಅಂಕೆ 90ಕ್ಕಿಂತ ಮೇಲಿದ್ದರೆ, ಮುಂದುವರಿಸಲಿ.