ಇಂಟ್ರಾಡೇ ಕಲಿಯೋಕೆ ತಂದ ಈ ಪುಸ್ತಕ ಹೊಸಬರಿಗೆ ಉಪಯೋಗ ಆಗುತ್ತಾ?

ಹಾಸನ_26

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ ಓದಿದವನು, ಹಾಸನದಲ್ಲಿ ಒಂದು ಗಾರ್ಮೆಂಟ್ಸ್ ಕಂಪನಿಯ ಅಕೌಂಟ್ಸ್‌ನಲ್ಲಿ ಕೆಲಸ. ಡಿಮ್ಯಾಟ್ ಅಕೌಂಟ್ ತೆರೆದು ಒಂದು ವರ್ಷ ಆಯಿತು. ಮೂರು ಕಂಪನಿಯ ಷೇರು ಡೆಲಿವರಿ ತೆಗೆದುಕೊಂಡು ಹಾಗೇ ಇಟ್ಟಿದ್ದೇನೆ, ಅಷ್ಟೇ ನನ್ನ ಅನುಭವ.

ಹೋದ ತಿಂಗಳು ಬೆಂಗಳೂರಿಗೆ ಹೋಗಿದ್ದಾಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ 250 ರೂಪಾಯಿಗೆ ಡೇ ಟ್ರೇಡಿಂಗ್ (ಇಂಟ್ರಾಡೇ, ಅಂದರೆ ಷೇರು ಕೊಂಡು ಅದೇ ದಿನ ಮಾರುವುದು) ಗೈಡ್ ಒಂದು ಸಿಕ್ಕಿತು. ಬರೆದವರು ಅಮೆರಿಕದವರು. ಇಂಗ್ಲಿಷ್ ಸುಲಭವಾಗಿದೆ. ಕ್ಯಾಂಡಲ್ ಓದುವುದು, ವಿವ್ಯಾಪ್, ಸಪೋರ್ಟ್ ರೆಸಿಸ್ಟೆನ್ಸ್, ಬುಲ್ ಫ್ಲ್ಯಾಗ್ (ಏರಿದ ಬೆಲೆ ಮತ್ತೆ ಏರುವ ಮೊದಲು ಸ್ವಲ್ಪ ನಿಲ್ಲುವ ಆಕಾರ), ಬೆಳಗಿನ ಬ್ರೇಕ್‌ಔಟ್, ಹೀಗೆ ಬೆಲೆ ಎತ್ತ ಹೋಗಬಹುದು ಅಂತ ಊಹಿಸುವ ವಿಧಾನ ಎಲ್ಲಾ ಚಾರ್ಟ್ ಸಮೇತ ಇದೆ. ಓದುವಾಗ ಎಲ್ಲಾ ಅರ್ಥ ಆದ ಹಾಗೇ ಇರುತ್ತದೆ, ಆದರೆ ಮಾರನೇ ದಿನ ಮೊಬೈಲಲ್ಲಿ ಲೈವ್ ಚಾರ್ಟ್ ತೆಗೆದರೆ ಯಾವುದು ಫ್ಲ್ಯಾಗ್, ಯಾವುದು ಸುಮ್ನೆ ಅಲ್ಲಾಡುತ್ತಿರುವುದು ಅಂತ ಒಂದೂ ಗೊತ್ತಾಗುವುದಿಲ್ಲ.

20 ಸಾವಿರ ಬೇರೆ ತೆಗೆದಿಟ್ಟಿದ್ದೇನೆ. ಪುಸ್ತಕ ಮುಗಿಸಿ ಶುರು ಮಾಡಬಹುದಾ? ಇಂಥ ಪುಸ್ತಕ ಹೊಸಬರಿಗೆ ಒಳ್ಳೆಯದಾ ಅಲ್ಲವಾ ಅಂತ ನೋಡುವುದು ಹೇಗೆ?

ತುಮಕೂರು_ಟ್ರೇಡರ್

ಇಂಟ್ರಾಡೇ ಪುಸ್ತಕ ಕೈಗೆ ಬಂದರೆ ನಾನು ಮೊದಲು ತೆಗೆಯುವುದು ಚಾರ್ಟಿನ ಪುಟ ಅಲ್ಲ, ಖರ್ಚಿನ ಪುಟ. ಎಷ್ಟೋ ಪುಸ್ತಕಗಳಲ್ಲಿ ಆ ಪುಟವೇ ಇರುವುದಿಲ್ಲ.

ನಿಮ್ಮದೇ ಲೆಕ್ಕ ಹಾಕೋಣ. ಇಂಟ್ರಾಡೇಗೆ ಹೆಚ್ಚೆಂದರೆ ಐದು ಪಟ್ಟು ಮಾರ್ಜಿನ್ ಸಿಗುತ್ತದೆ, ಅಂದರೆ 20 ಸಾವಿರಕ್ಕೆ 1 ಲಕ್ಷದ ಟ್ರೇಡ್. 500 ರೂಪಾಯಿಯ ಷೇರು 200 ತೆಗೆದುಕೊಂಡಿರಿ, ಅದೇ ದಿನ ಮಾರಿದಿರಿ. ಆರ್ಡರಿಗೆ 20 ರೂಪಾಯಿ ಬ್ರೋಕರೇಜ್ ಅಂದರೆ ಎರಡು ಕಡೆ ಸೇರಿ 40. ಮಾರುವಾಗ ಷೇರು ವಹಿವಾಟಿನ ತೆರಿಗೆ ಎಸ್‌ಟಿಟಿ 0.025%, ಅದು 25. ಎಕ್ಸ್‌ಚೇಂಜಿನ ಚಾರ್ಜ್ ಸುಮಾರು 6, ಸ್ಟ್ಯಾಂಪ್ ಡ್ಯೂಟಿ 3, ಜಿಎಸ್‌ಟಿ 8. ಒಟ್ಟು 82 ರೂಪಾಯಿ. ಷೇರು 41 ಪೈಸೆ ಮೇಲೆ ಹೋದರೆ ಅಸಲು ಬಂತು, ಅಷ್ಟೇನಾ ಅನ್ನಿಸುತ್ತದೆ ಅಲ್ವಾ? ದಿನಕ್ಕೆ ಎರಡು ಟ್ರೇಡ್, ತಿಂಗಳಿಗೆ 20 ದಿನ ಅಂತ ಗುಣಿಸಿ ನೋಡಿ. 3,280 ರೂಪಾಯಿ. ನೀವು ಒಂದು ರೂಪಾಯಿಯನ್ನೂ ಟ್ರೇಡಿನಲ್ಲಿ ಕಳೆದುಕೊಳ್ಳದೇ ಇದ್ದರೂ ನಿಮ್ಮ 20 ಸಾವಿರದ ಆರನೇ ಒಂದು ಭಾಗ ಒಂದೇ ತಿಂಗಳಲ್ಲಿ ಹೋಯಿತು.

ಇದನ್ನು ಹೇಳದೆ 20 ತಂತ್ರ ಕಲಿಸುವ ಪುಸ್ತಕ ಹೊಸಬರಿಗೆ ಒಳ್ಳೆಯದಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಷೇರು ಮಾರ್ಕೆಟ್ ನಿಯಂತ್ರಿಸುವ ಸೆಬಿ 2024ರ ಜುಲೈನಲ್ಲಿ ಇಂಟ್ರಾಡೇ ಬಗ್ಗೆಯೇ ಒಂದು ವರದಿ ಕೊಟ್ಟಿತು. 2022-23ರಲ್ಲಿ ಕ್ಯಾಶ್ ಮಾರ್ಕೆಟ್ಟಿನಲ್ಲಿ (ಷೇರನ್ನೇ ಕೊಂಡು ಮಾರುವ ಮಾಮೂಲಿ ಮಾರ್ಕೆಟ್) ಇಂಟ್ರಾಡೇ ಮಾಡಿದ 10 ಜನರಲ್ಲಿ 7 ಜನಕ್ಕೆ ನಷ್ಟ. ವರ್ಷಕ್ಕೆ 500ಕ್ಕಿಂತ ಜಾಸ್ತಿ ಟ್ರೇಡ್ ಮಾಡಿದವರಲ್ಲಿ 80% ಜನಕ್ಕೆ ನಷ್ಟ. ಟ್ರೇಡ್ ಜಾಸ್ತಿ ಆದಷ್ಟೂ ಖರ್ಚು ತಿನ್ನುತ್ತದೆ, ಮೇಲಿನ ಲೆಕ್ಕ ಅದೇ. ಇನ್ನೊಂದು ಅಂಕಿ ನಿಮ್ಮ ವಯಸ್ಸಿನವರದು: ಇಂಟ್ರಾಡೇ ಮಾಡುವವರಲ್ಲಿ 30 ವರ್ಷದೊಳಗಿನವರು 2018-19ರಲ್ಲಿ 18% ಇದ್ದರು, ನಾಲ್ಕು ವರ್ಷದಲ್ಲಿ 48% ಆದರು. ಅದನ್ನು ಓದಿದ ದಿನ ನನಗೆ ನಿಜವಾಗಿಯೂ ಬೇಜಾರಾಯಿತು. ನಮ್ಮ ಬೀದಿಯಲ್ಲೇ ಇಬ್ಬರು ಹುಡುಗರು ಇದಕ್ಕೆ ಪರ್ಸನಲ್ ಲೋನ್ ತೆಗೆದಿದ್ದಾರೆ.

ಲೆಕ್ಕದ_ಅಕ್ಕ_ಮೈಸೂರು

ನಾನು ಟ್ರೇಡ್ ಮಾಡುವುದಿಲ್ಲ, ಟ್ಯಾಕ್ಸ್ ಫೈಲ್ ಮಾಡಿಕೊಡುವ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಜುಲೈ ಬಂತೆಂದರೆ ನಿಮ್ಮಂಥ ಹುಡುಗರು ಬರುತ್ತಾರೆ, ಸಂಬಳ 25-30 ಸಾವಿರ, ಇಂಟ್ರಾಡೇ ನಷ್ಟ 40 ಸಾವಿರ. "ಮೇಡಂ, ಈ ನಷ್ಟವನ್ನು ಸಂಬಳದಲ್ಲಿ ಕಳೆಯಿರಿ" ಅನ್ನುತ್ತಾರೆ. ಆಗುವುದಿಲ್ಲಪ್ಪ. ಇಂಟ್ರಾಡೇ ಲಾಭ ನಷ್ಟವನ್ನು ಸ್ಪೆಕ್ಯುಲೇಟಿವ್ ಬಿಸಿನೆಸ್ (ಊಹೆಯ ವ್ಯಾಪಾರ) ಅಂತ ನೋಡುತ್ತಾರೆ. ನಷ್ಟವನ್ನು ಅಂಥದ್ದೇ ಲಾಭದ ಎದುರು ಮಾತ್ರ ಕಳೆಯಬಹುದು, ಸಂಬಳದ ಎದುರು ಇಲ್ಲ, ನೀವು ಇಟ್ಟಿರುವ ಆ ಮೂರು ಡೆಲಿವರಿ ಷೇರಿನ ಲಾಭದ ಎದುರೂ ಇಲ್ಲ. ನಾಲ್ಕು ವರ್ಷ ಮುಂದಕ್ಕೆ ಒಯ್ಯಬಹುದು, ಅದೂ ಗಡುವಿನೊಳಗೆ ರಿಟರ್ನ್ ಹಾಕಿದ್ದರೆ. ಲಾಭ ಬಂದರೆ ಮಾತ್ರ ಸಂಬಳಕ್ಕೆ ಸೇರಿಸಿ ಸ್ಲ್ಯಾಬ್ ಪ್ರಕಾರ ಟ್ಯಾಕ್ಸ್. ಫಾರ್ಮ್ ಕೂಡ ಸುಲಭದ್ದಲ್ಲ, ಐಟಿಆರ್-3.

ಅಮೆರಿಕದ ಪುಸ್ತಕದಲ್ಲಿ ಇದು ಇರುವುದಕ್ಕೆ ಸಾಧ್ಯವೇ ಇಲ್ಲ, ಅದು ಆ ಲೇಖಕರ ತಪ್ಪೂ ಅಲ್ಲ.

ಇನ್ನೊಂದು ಮಾತು. ಮಾರ್ಕೆಟ್ ಬೆಳಗ್ಗೆ 9:15ರಿಂದ ಮಧ್ಯಾಹ್ನ 3:30ರವರೆಗೆ. ನೀವು ಆ ಹೊತ್ತಿನಲ್ಲಿ ಆಫೀಸಿನಲ್ಲಿ ಬೇರೆಯವರ ವೋಚರ್ ನೋಡುತ್ತಿರುತ್ತೀರಿ. ಟ್ರೇಡ್ ಯಾವಾಗ ಮಾಡುತ್ತೀರಿ?

ಹುಬ್ಬಳ್ಳಿ_ಕ್ಯಾಂಡಲ್

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಪುಸ್ತಕವನ್ನು ಪೂರ್ತಿ ಪಕ್ಕಕ್ಕೆ ಇಡಬೇಡಿ ತಮ್ಮ. ಸ್ಟಾಪ್ ಲಾಸ್ (ಬೆಲೆ ಇಷ್ಟಕ್ಕೆ ಬಂದರೆ ನಷ್ಟ ಸಾಕು ಅಂತ ಹೊರಬರುವ ಆರ್ಡರ್) ಎಲ್ಲಿ ಹಾಕಬೇಕು, ಒಂದು ಟ್ರೇಡಿನಲ್ಲಿ ಎಷ್ಟು ಹೋದರೆ ತಡೆದುಕೊಳ್ಳಬಹುದು, ಅದಕ್ಕೆ ತಕ್ಕಂತೆ ಎಷ್ಟು ಷೇರು ತೆಗೆದುಕೊಳ್ಳಬೇಕು, ಇದನ್ನು ಹೇಳುವ ಅಧ್ಯಾಯ ಇದ್ದರೆ ಅದೊಂದಕ್ಕೇ 250 ರೂಪಾಯಿ ಕೊಡಬಹುದು. ಆ ಲೆಕ್ಕ ಎಲ್ಲಾ ದೇಶಕ್ಕೂ ಒಂದೇ.

ಬದಲಾಗುವುದು ನಿಯಮ. ಅಮೆರಿಕದಲ್ಲಿ ಪದೇ ಪದೇ ಡೇ ಟ್ರೇಡ್ ಮಾಡುವವರ ಮಾರ್ಜಿನ್ ಅಕೌಂಟಿನಲ್ಲಿ 25,000 ಡಾಲರ್ ಇರಬೇಕು ಅಂತ ಒಂದು ನಿಯಮವನ್ನು 2001ರಲ್ಲಿ ತಂದರು, ಹಳೇ ಅಮೆರಿಕನ್ ಪುಸ್ತಕಗಳಲ್ಲಿ ಅದಕ್ಕೇ ಪುಟಗಟ್ಟಲೆ ಹೋಗಿರುತ್ತದೆ, ನಮಗೆ ಬೇಡ. ಶಾರ್ಟ್ ಸೆಲ್ಲಿಂಗ್ (ಕೈಯಲ್ಲಿ ಇಲ್ಲದ ಷೇರನ್ನು ಮೊದಲು ಮಾರಿ, ಬೆಲೆ ಇಳಿದ ಮೇಲೆ ಕೊಳ್ಳುವುದು) ಭಾಗವನ್ನು ಮಾತ್ರ ಹುಷಾರಾಗಿ ಓದಿ. ಅಲ್ಲಿ ಷೇರನ್ನು ಸಾಲ ತಂದು ಮಾರಿ ದಿನಗಟ್ಟಲೆ ಕಾಯಬಹುದು. ನಮ್ಮ ಮಾಮೂಲಿ ಕ್ಯಾಶ್ ಮಾರ್ಕೆಟ್ಟಿನಲ್ಲಿ ಶಾರ್ಟ್ ಮಾಡಿದ್ದನ್ನು ಅದೇ ದಿನ ವಾಪಸ್ ಕೊಳ್ಳಲೇಬೇಕು.

ನನಗೆ ಆದದ್ದು ಹೇಳುತ್ತೇನೆ. ಒಂದು ಸಣ್ಣ ಕಂಪನಿಯ ಷೇರು, ಹಿಂದಿನ ದಿನ 140ಕ್ಕೆ ಮುಗಿದಿತ್ತು, 10% ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಬೆಲೆ 10%ಕ್ಕಿಂತ ಜಾಸ್ತಿ ಏರುವ ಹಾಗೂ ಇಲ್ಲ, ಇಳಿಯುವ ಹಾಗೂ ಇಲ್ಲ. ಬೆಳಗ್ಗೆ 148ಕ್ಕೆ ಏರಿತ್ತು, ಇನ್ನು ಇಳಿಯುತ್ತದೆ ಅಂತ 300 ಷೇರು ಶಾರ್ಟ್ ಮಾಡಿದೆ. ಪುಸ್ತಕದಲ್ಲಿ ಇದ್ದ ಹಾಗೇ ಇತ್ತು ಚಾರ್ಟ್. ಸ್ಟಾಪ್ ಲಾಸ್ ಹಾಕಿರಲಿಲ್ಲ. ಮಧ್ಯಾಹ್ನ 2:40ಕ್ಕೆ 154 ಮುಟ್ಟಿ ಅಪ್ಪರ್ ಸರ್ಕ್ಯೂಟ್ ಬಿತ್ತು. ಸ್ಕ್ರೀನಿನಲ್ಲಿ ಕೊಳ್ಳುವವರ ಸಾಲು ಇತ್ತು, ಮಾರುವವರ ಕಡೆ ಸೊನ್ನೆ. ನಾನು ಆರ್ಡರ್ ಹಾಕಿ ಕೂತೆ, 3:30 ಆಯಿತು, ಒಂದು ಷೇರೂ ಸಿಗಲಿಲ್ಲ. ಆಮೇಲೆ ಅದು ಆಕ್ಷನ್ನಿಗೆ (ನಾನು ಕೊಡದ ಷೇರನ್ನು ಹರಾಜಿನಲ್ಲಿ ಕೊಳ್ಳುವುದು) ಹೋಯಿತು, 161ರ ಲೆಕ್ಕ ಬಿತ್ತು. ಷೇರಿಗೆ 13 ರೂಪಾಯಿಯಂತೆ 3,900, ಅದರ ಮೇಲೆ ದಂಡ. ಸರ್ಕ್ಯೂಟ್ ಅನ್ನುವ ಪದವೇ ನನ್ನ ಪುಸ್ತಕದಲ್ಲಿ ಇರಲಿಲ್ಲ.

ಪುಸ್ತಕ ಪರೀಕ್ಷೆ ಮಾಡುವುದಕ್ಕೆ ಒಂದು ಉಪಾಯ ಹೇಳುತ್ತೇನೆ. ಒಂದು ಪೋಸ್ಟ್‌ಕಾರ್ಡ್ ತೆಗೆದುಕೊಂಡು ಪ್ರತಿ ಚಾರ್ಟಿನ ಬಲಭಾಗ ಮುಚ್ಚಿ, ಅವರು "ಇಲ್ಲಿ ಕೊಳ್ಳಿ" ಅನ್ನುವ ಗೆರೆಯವರೆಗೆ ಮಾತ್ರ ಕಾಣಬೇಕು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದು ಆಮೇಲೆ ಕಾರ್ಡ್ ಸರಿಸಿ. ಜೊತೆಗೆ ಲಾಭವಾದ ಚಾರ್ಟ್ ಎಷ್ಟು, ನಷ್ಟವಾದದ್ದು ಎಷ್ಟು ಅಂತ ಎಣಿಸಿ. ತನ್ನ ಸೋತ ಟ್ರೇಡುಗಳನ್ನೂ ಮುಚ್ಚಿಡದೆ ತೋರಿಸಿ ಎಲ್ಲಿ ತಪ್ಪಾಯಿತು ಅಂತ ಹೇಳುವ ಲೇಖಕನನ್ನು ನಾನು ನಂಬುತ್ತೇನೆ.

ಹಾಸನ_26

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಪೂರ್ತಿ ಇದೇ ಕೆಲಸ ಮಾಡಿದೆ.

ಪುಸ್ತಕದಲ್ಲಿ ಟ್ರೇಡ್ ಗುರುತು ಮಾಡಿರುವ ಚಾರ್ಟ್ 31 ಇವೆ. 28 ಲಾಭದ್ದು, 3 ನಷ್ಟದ್ದು. ಕಾರ್ಡ್ ಇಟ್ಟು ನೋಡಿದಾಗ 31ರಲ್ಲಿ 14 ಕಡೆ ಮಾತ್ರ ನಾನು ಅವರ ಹಾಗೆ ಹೇಳಿದೆ, ಅದೂ ಒಮ್ಮೆ ಓದಿ ಮುಗಿಸಿದ ಮೇಲೆ. ಖರ್ಚಿನ ಬಗ್ಗೆ ಅರ್ಧ ಪುಟ ಇದೆ, ಅದರಲ್ಲೂ ಬ್ರೋಕರೇಜ್ ಒಂದೇ.

ಹುಬ್ಬಳ್ಳಿಯ ಅಣ್ಣ ಹೇಳಿದ ಅಧ್ಯಾಯ ಇದೆ, ನಿಜಕ್ಕೂ ಚೆನ್ನಾಗಿದೆ. ಒಂದು ಟ್ರೇಡಿಗೆ 1% ಮಾತ್ರ ರಿಸ್ಕ್ ಅನ್ನುತ್ತಾರೆ. ನನ್ನ 20 ಸಾವಿರಕ್ಕೆ ಅದು 200 ರೂಪಾಯಿ. 500ರ ಷೇರಿಗೆ 2 ರೂಪಾಯಿ ಸ್ಟಾಪ್ ಲಾಸ್ ಇಟ್ಟರೆ 100 ಷೇರು. ಆಮೇಲೆ ತುಮಕೂರಿನ ಸರ್ ಹೇಳಿದ ಖರ್ಚನ್ನು ಸೇರಿಸಿದೆ. 50 ಸಾವಿರದ ಟ್ರೇಡಿಗೆ ನನ್ನ ಬ್ರೋಕರ್ 0.03% ಅಥವಾ 20, ಯಾವುದು ಕಡಿಮೆಯೋ ಅದನ್ನು ಹಿಡಿಯುತ್ತಾರೆ, ಹಾಗಾಗಿ 15 ಮತ್ತು 15. ಎಲ್ಲಾ ಸೇರಿ 53 ಬಂತು. ಅಂದರೆ ಸ್ಟಾಪ್ ಲಾಸ್ ಹೊಡೆದರೆ ಹೋಗುವುದು 200 ಅಲ್ಲ, 253. ದಿನವಿಡೀ ಲೆಡ್ಜರ್ ನೋಡುವವನು ನಾನು, ಇದು ಮೊದಲೇ ಹೊಳೆಯಬೇಕಿತ್ತು.

ಮೈಸೂರಿನ ಅಕ್ಕನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆಫೀಸಿನಲ್ಲಿ ಮೊಬೈಲ್ ನೋಡುವ ಹಾಗಿಲ್ಲ. ಸದ್ಯಕ್ಕೆ ದುಡ್ಡು ಹಾಕುವುದಿಲ್ಲ, ರಾತ್ರಿ ಆ ದಿನದ ಚಾರ್ಟ್ ತೆಗೆದು ಕಾರ್ಡ್ ಇಟ್ಟು ಅಭ್ಯಾಸ ಮಾಡುತ್ತೇನೆ. ಹಾಗೆ ಮಾಡಿದರೆ ಏನಾದರೂ ಕಲಿತ ಹಾಗೆ ಆಗುತ್ತಾ?

ತುಮಕೂರು_ಟ್ರೇಡರ್

ಆಗುತ್ತದೆ. ಎರಡು ವಿಷಯ ಬಿಡಬೇಡಿ. ಪ್ರತಿ ಟ್ರೇಡಿನ ಕೆಳಗೆ ಆ 53 ರೂಪಾಯಿಯನ್ನು ಬರೆಯಿರಿ, ಲಾಭ ಬಂದಾಗಲೂ. ಮತ್ತೆ ದಿನದ ಕೊನೆಯ ಬೆಲೆ ಏನೆಂದು ನೋಡದೆ ಚಾರ್ಟ್ ತೆಗೆಯಿರಿ, ಸಂಜೆ ಸುದ್ದಿಯಲ್ಲಿ ಆ ಷೇರಿನ ಹೆಸರು ಕಿವಿಗೆ ಬಿದ್ದಿದ್ದರೆ ಆ ದಿನ ಅದನ್ನು ಬಿಟ್ಟು ಬೇರೆ ನೋಡಿ. 100 ಟ್ರೇಡ್ ನೋಟ್‌ಬುಕ್ಕಿನಲ್ಲಿ ಆದ ಮೇಲೆ ಒಟ್ಟು ಹಾಕಿ ಇಲ್ಲೇ ಬರೆಯಿರಿ, ಆಗ ಆ 20 ಸಾವಿರದ ಬಗ್ಗೆ ಮಾತಾಡೋಣ.